ಯಜಮಾನರ ಸಹಿ

ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹುಬ್ಬಳ್ಳಿಗೆ ಹೋಗಿದ್ದೆ. ಕೌಂಟರಿನಲ್ಲಿ ಪಕ್ಕದವರೊಬ್ಬರು ಹೆಬ್ಬೆಟ್ಟು ಒತ್ತುತ್ತಿದ್ದರು. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನನ್ನ ಫಾರಮ್ಮಿಗೆ ಸಹಿ ಹಾಕಲು ಮಗ ಪೆನ್ನು ತೆಗೆದರೆ ಅಲ್ಲಿದ್ದ ಹುಡುಗಿ ಬಿಡಲಿಲ್ಲ. "ನಿಮ್ದಲ್ರಿ, ಅವರ್ದ ಸಹಿ ಬೇಕು. ಅಜ್ಜಿ, ಓದಿ ಹಾಕ್ರಿ." ಪೊರೆ ಬಂದ ಕಣ್ಣಿಗೆ ಓದು ಅನ್ನುತ್ತಾಳೆ! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಯಲ್ಲಾಪುರದ ಹೊಲಿಗೆ ಟೀಚರು ನೆನಪಾದರು...

ತೊಂಬತ್ತರ ದಶಕದಲ್ಲಿ ನಾನು ಶಿರಸಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಎಲ್ಲರೂ ಸಿಸ್ಟರೇ ಅನ್ನುತ್ತಿದ್ದರು, ಆದರೆ ನಾನು ನರ್ಸಿಂಗ್ ಕಲಿತವಳಲ್ಲ. ಎಸೆಸೆಲ್ಸಿ ಮುಗಿಸಿ ಸೇರಿದವಳಿಗೆ ಡಾಕ್ಟರೇ ಸೂಜಿ ಚುಚ್ಚುವುದನ್ನೂ ಕೇಸ್ ಪೇಪರ್ ಬರೆಯುವುದನ್ನೂ ಕಲಿಸಿದ್ದರು. ಅವರ ಕೈಗುಣ ಒಳ್ಳೆಯದೆಂದು ಊರೆಲ್ಲ ಹೇಳುತ್ತಿತ್ತು. ಆಪರೇಶನ್ನಿನ ಒಪ್ಪಿಗೆ ಪತ್ರವನ್ನು ಅವರೇ ಅಚ್ಚು ಹಾಕಿಸಿದ್ದರು. ಅದರ ಕೆಳಗೆ ಒಂದೇ ಗೆರೆ: "ಮನೆಯ ಯಜಮಾನರ ಸಹಿ". ರೋಗಿ ಸಹಿ ಹಾಕಲು ಜಾಗವೇ ಇರಲಿಲ್ಲ. ನಮ್ಮ ಕಡೆಯ ದೊಡ್ಡ ಕುಟುಂಬಗಳಲ್ಲಿ ಎಲ್ಲದಕ್ಕೂ ಯಜಮಾನರೇ ಸಹಿ ಹಾಕುವುದು ರೂಢಿ. ಹೊಟ್ಟೆ ಕೊಯ್ಯುವುದೂ ಅದರಲ್ಲೇ ಸೇರಿಹೋಗಿತ್ತು. ಸಹಿಯ ಮೇಲೆ ಅದೇ ನೇರಳೆ ಶಾಯಿಯಲ್ಲಿ ನರ್ಸಿಂಗ್ ಹೋಮಿನ ಸೀಲು ಒತ್ತುತ್ತಿದ್ದವಳು ನಾನು.

ಟೀಚರು ಬಂದದ್ದು ಹೊಟ್ಟೆನೋವೆಂದು. ಮೂವತ್ತು ತುಂಬಿರಲಿಲ್ಲ. ಯಲ್ಲಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ಗಂಡನಿಗೆ ಗೋವಾದಲ್ಲಿ ಕೆಲಸ, ಹಾಗಾಗಿ ಜೊತೆಗೆ ಬಂದವರು ಭಾವ, ಅಂದರೆ ಗಂಡನ ಅಣ್ಣ. ವಾರ್ಡಿಗೆ ಬಂದ ಮೊದಲ ದಿನವೇ ನನ್ನ ಯೂನಿಫಾರ್ಮಿನ ಕಾಲರು ನೋಡಿ, "ಇದನ್ನ ಹೊಲಿದವ್ರಿಗೆ ನಾಕು ಬಾರಿಸ್ಬೇಕು ಸಿಸ್ಟರೇ" ಎಂದು ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟರು. ಅಂಡಾಶಯದಲ್ಲಿ ಗಡ್ಡೆಯಿದೆ, ಅದನ್ನು ತೆಗೆದರೆ ಮಕ್ಕಳಾಗಬಹುದು ಎಂದು ಡಾಕ್ಟರು ಹೇಳಿದ ಮೇಲಂತೂ ಅವರ ಮುಖ ನೋಡಬೇಕಿತ್ತು.

ಬೆನ್ನಿಗೆ ಸೂಜಿ ಕೊಟ್ಟು ಮಾಡಿದ ಆಪರೇಶನ್. ಸೊಂಟದಿಂದ ಕೆಳಗೆ ಜೋಮು, ಆದರೆ ಅವರಿಗೆ ಪೂರ್ತಿ ಎಚ್ಚರವಿತ್ತು. ನಾನು ತಲೆಯ ಹತ್ತಿರ ನಿಂತಿದ್ದೆ. ಹೊಟ್ಟೆ ತೆರೆದಾಗ ಗರ್ಭಕೋಶದಲ್ಲೂ ಗಂಟುಗಳಿದ್ದವು. ರಕ್ತ ಹರಿಯುತ್ತಿರಲಿಲ್ಲ, ಜೀವಕ್ಕೆ ಅಪಾಯವೂ ಇರಲಿಲ್ಲ. ಹೊಲಿದು ಮುಗಿಸಿ, ಮಾರನೇ ದಿನ ಅವರನ್ನೇ ಕೇಳಬಹುದಿತ್ತು. ಡಾಕ್ಟರು ಹೊರಗೆ ಹೋಗಿ, ಬೆಂಚಿನ ಮೇಲಿದ್ದ ಭಾವನನ್ನು ಕೇಳಿದರು. ಬಾಗಿಲು ಅರ್ಧ ತೆರೆದಿತ್ತು.

"ಗರ್ಭಕೋಶವನ್ನೂ ತೆಗೆದುಬಿಡೋಣ ಅಲ್ವಾ? ಮತ್ತೆ ಹೊಟ್ಟೆ ಕೊಯ್ಯೋ ರಗಳೆ ಬೇಡ. ಅವರನ್ನೊಂದು ಮಾತು ಕೇಳಬೇಕಾ?"

"ಅದ್ರತ್ರ ಎಂತ ಕೇಳದು ಡಾಕ್ಟ್ರೇ? ಆನು ಹಾಕ್ತೆ ಸಹಿ." ಭಾವನೇ ಸಹಿ ಹಾಕಿದರು.

ನನಗೆ ಕೇಳಿಸಿತು, ಟೀಚರಿಗೆ ಕೇಳಿಸಲಿಲ್ಲ. "ಎಂತ ಆಯ್ತು ಸಿಸ್ಟರೇ, ಡಾಕ್ಟ್ರು ಎಲ್ಲಿ ಹೋದ್ರು?" ಎಂದು ಕೇಳಿದರು. "ಏನಿಲ್ಲ, ಗಡ್ಡೆ ತೆಗೀತಾ ಇದ್ದಾರೆ" ಎಂದೆ. ಈಗ ಅದನ್ನು ನೆನೆದರೆ ನನ್ನ ನಾಲಿಗೆ ನನಗೇ ಹೇಸಿಗೆ.

ಆಮೇಲೂ ಯಾರೂ ಹೇಳಲಿಲ್ಲ. ಮುಟ್ಟು ನಿಂತದ್ದೇಕೆಂದು ಕೇಳಲು ಅವರು ಯಲ್ಲಾಪುರದ ಬಸ್ಸು ಹತ್ತಿ ಬಂದಾಗಲೆಲ್ಲ ಡಾಕ್ಟರು "ಕೆಲವರಿಗೆ ಹಾಗೇ, ನಿಧಾನ ಸರಿಹೋಗತ್ತೆ" ಎಂದು ಟಾನಿಕ್ಕು ಬರೆದುಕೊಡುತ್ತಿದ್ದರು. ಬಾಟಲಿ ಎತ್ತಿಕೊಡುತ್ತಿದ್ದವಳು ನಾನು. ಮೂರು ವರ್ಷ! ಇಲ್ಲದ ಗರ್ಭಕೋಶಕ್ಕೆ ಟಾನಿಕ್ಕು. ಥೂ.

ಆ ನಡುವೆ ವೈದ್ಯರೂ ಕನ್ಸ್ಯೂಮರ್ ಕೋರ್ಟಿನ ಕೆಳಗೆ ಬರುತ್ತಾರೆಂಬ ತೀರ್ಪಾಗಿ, ಡಾಕ್ಟರುಗಳಲ್ಲಿ ಗಾಬರಿ ಹುಟ್ಟಿತ್ತು. ಒಬ್ಬ ವಕೀಲರನ್ನು ಕರೆಸಿ ಹೋಟೆಲಿನಲ್ಲಿ ಉಪನ್ಯಾಸ ಇಟ್ಟರು. ಟಿಪ್ಪಣಿ ಬರೆದುಕೊಳ್ಳಲು ನಮ್ಮ ಡಾಕ್ಟರು ನನ್ನನ್ನೂ ಕರೆದುಕೊಂಡು ಹೋದರು. ವಕೀಲರು ಬಿಡಿಸಿ ಹೇಳಿದರು. ವಯಸ್ಸಿಗೆ ಬಂದ, ಎಚ್ಚರವಿರುವ ರೋಗಿಯ ಒಪ್ಪಿಗೆಯನ್ನು ಗಂಡನೂ ಕೊಡುವಂತಿಲ್ಲ, ಅಪ್ಪನೂ ಕೊಡುವಂತಿಲ್ಲ. ಒಂದು ಆಪರೇಶನ್ನಿಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು. ಪ್ರಾಣ ಹೋಗುವಂತಿದ್ದರೆ ಮಾತ್ರ ಕೇಳದೆ ಮುಂದುವರಿಯಬಹುದು. ಕೇಸ್ ಪೇಪರಿನಲ್ಲಿ ಬರೆಯದ್ದನ್ನು ಕೋರ್ಟು ಮಾಡಿಲ್ಲವೆಂದೇ ತಿಳಿಯುತ್ತದೆ. ನಮ್ಮ ಡಾಕ್ಟರು ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತ ತಲೆಯಾಡಿಸಿದರು. ಅಷ್ಟು ಮಾತಿನಲ್ಲಿ ಅವರು ಕಲಿತದ್ದು ಒಂದೇ: ಬರೆದುಬಿಟ್ಟರೆ ಮಾಡಿದಂತೆ.

ಕೊನೆಗೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದವರು ಟೀಚರಿಗೆ ನಿಜ ಹೇಳಿದರು. ಅವರು ಕೇಸು ಹಾಕಿದರು. ನೋಟೀಸು ಬಂದ ದಿನ ಡಾಕ್ಟರು ಹಳೆಯ ಕೇಸ್ ಪೇಪರು ತೆಗೆಸಿ, ನನ್ನ ಮುಂದಿಟ್ಟು, ಖಾಲಿ ಇದ್ದ ಕಡೆ ಬೆರಳಿಟ್ಟರು. "ಗರ್ಭಕೋಶ ತೆಗೆದ ವಿಷಯ ಡಿಸ್ಚಾರ್ಜ್ ದಿನ ರೋಗಿಗೆ ತಿಳಿಸಲಾಗಿದೆ" ಎಂದು ಬರೆದೆ. ವಿಷಯ ತಿಳಿದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದು ಕಾನೂನು. ನನ್ನ ಆ ಒಂದು ಸಾಲಿನಿಂದ ಗಡುವು ಮೀರಿದಂತಾಯಿತು. ನಾನೇ ತಿಳಿಸಿದೆನೆಂದು ಅಫಿಡವಿಟ್ಟಿಗೂ ಸಹಿ ಹಾಕಿದೆ. ಭಾವನೂ ಹಾಗೇ ಹೇಳಿದರು. ಸರ್ಟಿಫಿಕೇಟಿಲ್ಲದ ನನ್ನನ್ನು ಇನ್ನೆಲ್ಲೂ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ ಎಂಬುದು ನಿಜ. ಆದರೆ ಅದನ್ನು ನೆಪವಾಗಿ ಹೇಳಿಕೊಳ್ಳಲೂ ನನಗೆ ನಾಚಿಕೆಯಾಗುತ್ತದೆ.

ಕೇಸು ವಜಾ ಆಯಿತು. ಮಕ್ಕಳಾಗುವುದಿಲ್ಲ ಎಂದು ಗೊತ್ತಿದ್ದೂ ಮೂರು ವರ್ಷ ಮುಚ್ಚಿಟ್ಟಳು ಎಂದು ಗಂಡ ಟೀಚರನ್ನು ಬಿಟ್ಟ. ಕೋರ್ಟಿನ ಆದೇಶವನ್ನೇ ಎಲ್ಲರಿಗೂ ತೋರಿಸುತ್ತಿದ್ದನಂತೆ.

ಡಾಕ್ಟರು ತೀರಿಕೊಂಡು ನರ್ಸಿಂಗ್ ಹೋಮು ಮುಚ್ಚಿದ ಮೇಲೆ ನನಗೆ ಧೈರ್ಯ ಬಂತು. ಎಂಥ ಧೈರ್ಯವೋ! ಯಲ್ಲಾಪುರದಲ್ಲಿ ಅವರ ಹೊಲಿಗೆ ಕ್ಲಾಸಿಗೆ ಹೋಗಿ, ನಾನು ಸುಳ್ಳು ಬರೆದೆ ಎಂದೆ. ಟೀಚರು ಮಿಷನ್ನು ನಿಲ್ಲಿಸಿದರು. ಬೈಯಲಿಲ್ಲ. ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನು ಸಮೇತ ನನ್ನ ಮುಂದಿಟ್ಟರು.

"ಬರೆದುಕೊಡಿ ಸಿಸ್ಟರೇ. ಕೋರ್ಟಿಗೆ ಬೇಡ. ಮನೆಯವ್ರಿಗೆ ಒಂದ್ಸಲ ತೋರಿಸ್ಬೇಕು, ಅಷ್ಟೇ."

ಸುಳ್ಳು ಅಫಿಡವಿಟ್ಟಿಗೆ ಜೈಲಾಗಬಹುದು ಎಂದು ಯಾರೋ ಹೇಳಿದ್ದು ಆಗಲೇ ನೆನಪಾಗಬೇಕೆ! ಕನ್ನಡಕ ತಂದಿಲ್ಲ, ಬರುವ ಬುಧವಾರ ಬರೆದುಕೊಂಡೇ ಬರುತ್ತೇನೆ ಎಂದೆ. ಕನ್ನಡಕ ಚೀಲದಲ್ಲೇ ಇತ್ತು. ಟೀಚರು ನಂಬಿದರು. ಬುಧವಾರ ಕ್ಲಾಸಿಗೆ ರಜೆ ಹಾಕಿ ಕಾಯುತ್ತೇನೆ ಎಂದರು.

ನಾನು ಹೋಗಲಿಲ್ಲ. ಆ ಬುಧವಾರವೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ...

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಯಲ್ಲಾಪುರದ ಪರಿಚಯದವರಿಗೆ ಫೋನು ಮಾಡಿ ವಿಚಾರಿಸಿದೆ. ಟೀಚರು ಹೋಗಿ ನಾಲ್ಕು ವರ್ಷವಾಯಿತಂತೆ. ಕೊನೆಗಾಲದಲ್ಲಿ ನೋಡಿಕೊಂಡದ್ದು ಅವರ ಹತ್ತಿರ ಹೊಲಿಗೆ ಕಲಿತ ಹುಡುಗಿಯರಂತೆ. ಮನೆಯವರು ಯಾರೂ ಬರಲಿಲ್ಲವಂತೆ.

ಈಗ ಬರೆಯುತ್ತಿದ್ದೇನೆ. ಡಿಸ್ಚಾರ್ಜ್ ದಿನ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಇಷ್ಟೇ ಬರೆದುಕೊಡಬೇಕಿತ್ತು. ಎರಡು ಸಾಲು ಸಾಕಿತ್ತು.