ಆಚೆಮನೆ ಅಕ್ಕನ ಸುರಂಗದ ಕೆಚ್ಚಲು

ಮೊನ್ನೆ ಪಕ್ಕದವರು ಗೋಡೆಗೆ ಬಳಿಯಲಿಕ್ಕೆ ಸುಣ್ಣ ನೀರಿಗೆ ಹಾಕಿದ್ದರು. ಕೊತಕೊತ ಕುದಿಯುವ ಸುಣ್ಣದ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪೆರಾಬೆಯ ಆಚೆಮನೆ ಅಕ್ಕ ನೆನಪಾದಳು. ಜೊತೆಗೆ ಹೊಟ್ಟೆಕಿಚ್ಚೂ ಬಂತು. ಇಷ್ಟು ವರ್ಷವಾದರೂ ಸಾಯಲಿಲ್ಲ ನೋಡಿ ಅದು!

ಐವತ್ತರ ದಶಕದ ಕೊನೆ. ನಾನು ಮದುವೆಯಾಗಿ ಆ ಊರಿಗೆ ಬಂದ ಹೊಸತು. ಒಂದೇ ಗುಡ್ಡಕ್ಕೆ ಎರಡು ಮನೆ, ಎರಡು ಸುರಂಗ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ, ಒಬ್ಬರೇ ಬಗ್ಗಿ ಹೋಗುವಷ್ಟು ಅಗಲದ ಗುಹೆಗಳು. ನಮ್ಮದರಲ್ಲಿ ಬರೀ ಕೆಂಪು ಕೆಸರು. ಅವಳದ್ದರಲ್ಲಿ ಮಾತ್ರ ಮೇಲಿನಿಂದ ಬೆಳ್ಳಗಿನ ಕಲ್ಲು ಇಳಿದಿತ್ತು, ದನದ ಮೊಲೆಗಳ ಹಾಗೆ. ತುದಿಯಲ್ಲಿ ಹನಿ ತೂಗಿ ತೂಗಿ ಬೀಳುದು. ಬೀಳುವ ಮೊದಲು ಚೂರು ಬಿಳಿಯನ್ನು ಅಲ್ಲೇ ಅಂಟಿಸಿ ಹೋಗುದು. ಹಾಗೇ ವರ್ಷ ವರ್ಷ ಉದ್ದವಾಗುದು. ಹನಿ ಬಿದ್ದಲ್ಲಿ ನೆಲದಿಂದಲೂ ಒಂದು ಬಿಳಿ ಗುಡ್ಡೆ ಏಳುತ್ತಿತ್ತು...

ಕಾಮಧೇನು ಎಂದರು ಊರವರು. ಹಾಲು ಕಡಿಮೆಯಾದ ಬಾಣಂತಿಯರು ಕೂಸು ಎತ್ತಿಕೊಂಡು ನೆಲ್ಯಾಡಿಯಿಂದಲೂ ಬಂದು ಆ ನೀರು ಕುಡಿದು ಹೋಗುತ್ತಿದ್ದರು. ಬೆಳಗಾದರೆ ನಮ್ಮ ಅತ್ತೆಯ ಬಾಯಲ್ಲಿ ಅವಳದ್ದೇ ಹೊಗಳಿಕೆ. ನನಗೆ ಮೈಯೆಲ್ಲ ಉರಿ. ಅವಳಿಗೆ ಯಾಕೆ, ನಮಗೆ ಯಾಕಿಲ್ಲ?

ನಾನು ಹೆತ್ತಾಗ ನನಗೂ ಹಾಲು ಸಾಕಾಗಲಿಲ್ಲ. ಮಗು ಅತ್ತು ಅತ್ತು ಸೊರಗಿತು. "ಅಲ್ಲಿಗೊಮ್ಮೆ ಹೋಗಿ ಬಾ" ಎಂದರು ಅತ್ತೆ. ಅವಳ ಬಾಗಿಲಿಗೆ ನಾನಾ? ಸಾಧ್ಯವೇ ಇಲ್ಲ ಎಂದು ಕೂತೆ.

ನಮ್ಮ ಯಜಮಾನರು ನಕ್ಕರು. "ಎಂತ ಕಾಮಧೇನು! ಅಡಿಕೆಗೆ ಕೊಳೆರೋಗದ ಮದ್ದು ಬಿಡ್ಲಿಕ್ಕೆ ಅವರು ಸುಣ್ಣ ಕಲಸುವ ಹೊಂಡ ಸರೀ ಆ ಸುರಂಗದ ಮೇಲೆಯೇ ಉಂಟು. ಉಳಿದದ್ದನ್ನೂ ಅಲ್ಲಿಯೇ ಚೆಲ್ಲುದು. ಅದೇ ಇಳಿದು ಕಲ್ಲಾದದ್ದು."

ಅಬ್ಬಾ, ನನ್ನ ಖುಷಿಯೇ! ಮಗುವನ್ನು ಅವುಚಿಕೊಂಡು ಅವಳ ಅಂಗಳಕ್ಕೆ ನಡೆದೆ. "ಅಕ್ಕಾ, ಅದು ನಿಮ್ಮ ಸುಣ್ಣದ ಸೋರಿಕೆಯಂತೆ. ಊರಿಗೆಲ್ಲ ಹೇಳ್ತೇನೆ" ಎಂದೆ.

ಅವಳು ಮಗುವನ್ನು ಎತ್ತಿಕೊಂಡಳು. ಅವಳಿಗೆ ಮಕ್ಕಳಿರಲಿಲ್ಲ. ಅದರ ನೆತ್ತಿ ಮೂಸಿದಳು.

"ಗೊತ್ತುಂಟು ಮಾರಾಯ್ತಿ, ನಂಗೆ ಮೊದಲೇ ಗೊತ್ತುಂಟು. ಹೇಳ್ಬೇಡ. ಅದು ಇರುದಕ್ಕೆ ಈ ಮನೆಗೆ ಮಕ್ಕಳು ಬರುದು."

ಅವಳ ತೋಳಲ್ಲಿ ನನ್ನ ಮಗು ಅಳು ನಿಲ್ಲಿಸಿತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು!

ಆ ನೀರು ನಾನೂ ಕುಡಿದೆ, ಹಾಲೇನೂ ಹೆಚ್ಚಲಿಲ್ಲ. ಮಗು ಚೇತರಿಸಿದ್ದು ಅವಳ ಕೊಟ್ಟಿಗೆಯ ಹಾಲಿನಲ್ಲಿ. ದಿನಾ ಅವಳೇ ತಂದು, ಸ್ವಲ್ಪ ಹೊತ್ತು ಎತ್ತಿಕೊಂಡು ಕೂತು ಹೋಗುತ್ತಿದ್ದಳು...

ಈಗ ಆ ಸುರಂಗದ ಬಾಯಿ ಜರಿದು ಮುಚ್ಚಿದೆ. ಅವಳು ಹೋಗಿ ಎಷ್ಟೋ ಕಾಲವಾಯಿತು. ಇಲ್ಲಿಯವರೆಗೂ ನಾನು ಯಾರಲ್ಲೂ ಬಾಯಿ ಬಿಡಲಿಲ್ಲ. ಇವತ್ತು ಹೇಳಿಬಿಟ್ಟೆ. ಹೇಳ್ಬೇಡ ಎನ್ನಲಿಕ್ಕೆ ಅವಳಿಲ್ಲ.