ಸದ್ದು ತೆಗೆದು ಸಿನಿಮಾ ನೋಡುತ್ತಿದ್ದವರು

ಮುನಿಯಪ್ಪನವರು ಇಂಗ್ಲಿಷ್ ಸಿನಿಮಾ ನೋಡುವಾಗ ಟೀವಿಯ ಸದ್ದನ್ನು ಪೂರ್ತಿ ಇಳಿಸಿಬಿಡುತ್ತಿದ್ದರು. "ಸೌಂಡ್ ಇದ್ರೆ ಮಾತಿನ ಕಡೀಕೇ ಗ್ಯಾನ ಓಯ್ತದೆ ಮೇಷ್ಟ್ರೇ, ಮೊಕ ಕಾಣಲ್ಲ" ಎನ್ನುತ್ತಿದ್ದರು.

ಸುದ್ದಗುಂಟೆಪಾಳ್ಯದಲ್ಲಿ ತಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮನೆ ಕಟ್ಟಿಸಿ, ಮಹಡಿಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನೋ, ಗದಗದ ಕಡೆಯಿಂದ ಬಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ಅಮೆರಿಕದವರು ಬಾಯಿ ಬಿಟ್ಟರೆ ನನಗೂ ಅರ್ಧ ತಿಳಿಯುತ್ತಿರಲಿಲ್ಲ ಎಂಬುದು ಮಾತ್ರ ಗುಟ್ಟಾಗಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಭಾನುವಾರ ಮಧ್ಯಾಹ್ನ ಕೇಬಲ್‌ನಲ್ಲಿ ಹಳೆಯ ಹಾಲಿವುಡ್ ಚಿತ್ರ ಬಂದರೆ ಕೆಳಗಿನಿಂದ ನನಗೆ ಕರೆ ಬರುತ್ತಿತ್ತು. ನಟರ ಹೆಸರು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಒಬ್ಬ "ಗುಳಿಗದ್ದದೋನು", ಇನ್ನೊಬ್ಬಳು "ಅಳ್ದೇ ಅಳ್ಸೋಳು". "ಗುಳಿಗದ್ದದೋನು ಸುಳ್ಳು ಯೋಳಾಕ್ ಮುಂಚೆ ಟೋಪಿ ಮುಟ್ಕೊತಾನೆ ನೋಡಿ. ನೀವು ಕನ್ನಡಕ ಒರೆಸ್ಕೊಳಲ್ವಾ, ಅಂಗೆ." ನಾನು ಕಷ್ಟಪಟ್ಟು ನಕ್ಕೆ.

ಒಂದು ವಾರ, ಹುಡುಗನೊಬ್ಬ ಬೆಳೆದು ದೊಡ್ಡವನಾಗುವ ಕಪ್ಪು ಬಿಳುಪು ಚಿತ್ರ ಬಂತು. ಕೊನೆಗೆ ಅವನು ಬಸ್ಸು ಹತ್ತಿ ಊರು ಬಿಡುತ್ತಾನೆ. "ಇದು ಸ್ವಾತಂತ್ರ್ಯದ ಕಥಿ ನೋಡ್ರಿ" ಎಂದು ಶುರುಮಾಡಿದೆ.

"ಉಡುಗನ್ನ ಬಿಡಿ, ಅಪ್ಪನ್ ಕೈ ನೋಡಿ. ಮೊದ್ಲು ಗಲ್ಲ ಇಡ್ಕೊಂಡು ಮಗನಿಗೆ ಗಡ್ಡ ಕೆರ್ಯೋದು ಕಲಿಸ್ತಲ್ಲ, ಅದೇ ಕೈ. ಈಗ ಬಸ್ ಅತ್ರ ಮುಟ್ಟಾಕ್ ಎತ್ತಿ, ಸುಮ್ಕೆ ಜೇಬಲ್ಲಿಟ್ಕೊಂಡ. ಮಗ ದೊಡ್ಡೋನಾದ ಅಂತ ಆ ಕೈಗೇ ಮೊದ್ಲು ಗೊತ್ತಾಗಿದ್ದು."

ಮುಂದಿನ ತಿಂಗಳು ಜಯನಗರದ ಸಿನಿಮಾ ಸಂಘವೊಂದರಲ್ಲಿ ಅದೇ ಚಿತ್ರದ ಬಗ್ಗೆ ಮಾತನಾಡಲು ನನ್ನನ್ನು ಕರೆದರು. ಮುನಿಯಪ್ಪನವರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ನಾನು ಆ ಕೈಯ ವಿಚಾರವನ್ನೇ ಹೇಳಿದೆ. ಮನೆ ಮಾಲೀಕರು ಹೇಳಿದ್ದೆಂದರೆ ನನ್ನ ಮರ್ಯಾದೆಯ ಗತಿಯೇನು? ಕನ್ನಡಕ ತೆಗೆದು ಒರೆಸುತ್ತಾ, "ಅಮೆರಿಕದ ವಿಮರ್ಶಕರೊಬ್ಬರು ಗುರುತಿಸಿರುವಂತೆ" ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೂ ತಟ್ಟಿದರು.

ಹೊರಗೆ ಬಂದ ಮೇಲೆ, "ಅಮೆರಿಕದಾಗೂ ಒಬ್ರು ನನ್ನಂಗೇ ನೋಡೌರಲ್ಲ ಮೇಷ್ಟ್ರೇ, ಬಲೇ ಕುಸಿ ಆಯ್ತು" ಎಂದರು. ಆಮೇಲೆ ನಾನು ಬನಶಂಕರಿಗೆ ಮನೆ ಬದಲಾಯಿಸಿದರೂ, ಸಿಕ್ಕಾಗಲೆಲ್ಲ ಆ ವಿಮರ್ಶಕರ ಕ್ಷೇಮ ವಿಚಾರಿಸುತ್ತಿದ್ದರು. ಮೀಸೆಯಡಿ ನಗುತ್ತಿದ್ದರೋ ಏನೋ, ಮುಖ ನೋಡುವುದನ್ನು ನಾನಿನ್ನೂ ಕಲಿತಿರಲಿಲ್ಲ.

ಎಷ್ಟೋ ವರ್ಷ ಕಳೆದು, ನಿಜ ಹೇಳಿಯೇ ಬಿಡೋಣವೆಂದು ಒಂದು ಭಾನುವಾರ ಹೋದೆ. ಟೀವಿಯ ಮೇಲಿನ ಗೋಡೆಯಲ್ಲಿ ಅವರ ಫೋಟೋಗೆ ಹಾರ ಹಾಕಿತ್ತು. ಹೋಗಿ ತಿಂಗಳಾಯಿತಂತೆ.

ಅವರ ಹೆಂಡತಿ ಕಾಫಿ ತಂದುಕೊಟ್ಟು, "ಅಮೆರಿಕದಾಗೆ ಅದ್ಯಾರೋ ಔರಂತಲ್ಲ ಮೇಷ್ಟ್ರೇ, ಇವ್ರು ಯಾವಾಗ್ಲೂ ಯೋಳೋರು. ಅವ್ರಿಗೂ ಒಂದ್ಮಾತು ತಿಳ್ಸಿ" ಎಂದರು.

"ಆಗ್ಲಿ ಆಂಟಿ, ತಿಳಸ್ತೀನ್ರಿ" ಎಂದು ಕನ್ನಡಕ ತೆಗೆದು ಒರೆಸಿಕೊಂಡೆ.