ಒಂಬತ್ತು ವೋಲ್ಟಿನ ತಕ್ಕಡಿ

ಮನೆಯೊಳಗೆ ಜೇಡ ಕಂಡರೆ ನಮ್ಮ ಯಜಮಾನರು ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಿಲ ಬೇಲಿಯ ಮೇಲೆ ಇಳಿಸಿ ಬರುತ್ತಾರೆ. ಇಂಥ ಮನುಷ್ಯ, ನಾವು ಅಮೆರಿಕದ ನ್ಯೂಕ್ಯಾಸಲ್‌ಗೆ ಮನೆ ಬದಲಾಯಿಸಿದ ವರ್ಷ, ಗ್ಯಾರೇಜಿನಲ್ಲಿ ಕೂತು ಬಂದೂಕಿನ ಗುಂಡು ತಯಾರಿಸಲು ಶುರುಮಾಡಿದರು. ಮೈಸೂರಿನಲ್ಲಿರುವ ನನ್ನ ತಂಗಿ ಇದನ್ನು ಇವತ್ತಿಗೂ ನಂಬುವುದಿಲ್ಲ.

ಈ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಅಜ್ಜ. ಜೀವಮಾನವಿಡೀ ಲೇತ್ ಮೆಷಿನ್ ಮುಂದೆ ನಿಂತು ನಿವೃತ್ತರಾದ ಬಿಳಿಯ ಅಜ್ಜ, ಒಂಟಿ, ನನ್ನ ದೋಸೆಯ ಭಕ್ತ. ಕಾಗದಕ್ಕೆ ಗುರಿಯಿಟ್ಟು ಹೊಡೆಯುವುದು ಅವರ ವಾರಾಂತ್ಯದ ಆಟ. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಚಿಪ್ಪುಗಳನ್ನು ಎಸೆಯದೆ, ಮತ್ತೆ ಮದ್ದು ತುಂಬಿ ಹೊಸ ಗುಂಡು ಮಾಡಿಕೊಳ್ಳುತ್ತಾರೆ. ಯಜಮಾನರಿಗೆ ಹೊಡೆಯುವುದಕ್ಕಿಂತ ಈ ತುಂಬುವುದರಲ್ಲೇ ಖುಷಿ. ಅದಕ್ಕೊಂದು ಡಿಜಿಟಲ್ ತಕ್ಕಡಿ ಬಂತು. ಅಂಗೈಯಗಲದ ತಟ್ಟೆ, ಪುಟ್ಟ ಪರದೆ. ಗುಲಗಂಜಿಯ ಹತ್ತಿಪ್ಪತ್ತರಲ್ಲಿ ಒಂದು ಪಾಲನ್ನೂ ಅದು ತೂಗುತ್ತದಂತೆ. ಮದ್ದು ಒಂದು ಚಿಟಿಕೆ ಹೆಚ್ಚಾದರೆ ಬಂದೂಕು ಮುಖದ ಮುಂದೆಯೇ ಸಿಡಿಯುತ್ತದೆ ಎಂದು ಅಜ್ಜ ನನಗೆ ನಗುನಗುತ್ತಾ ವಿವರಿಸಿದ್ದರು. ನನಗೇನೂ ನಗು ಬರಲಿಲ್ಲ.

ಆ ತಕ್ಕಡಿಯನ್ನು ಗೋಡೆಯ ಪ್ಲಗ್ಗಿಗೂ ಚುಚ್ಚಬಹುದು, ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲೂ ನಡೆಸಬಹುದು. ಇಬ್ಬರ ಜಗಳಕ್ಕೆ ಇಷ್ಟೇ ಸಾಕಾಯಿತು. ಅಜ್ಜನದು ಪ್ಲಗ್ ಪಕ್ಷ: ತಕ್ಕಡಿಯನ್ನು ಅರ್ಧ ಗಂಟೆ ಮೊದಲೇ ಹಚ್ಚಿಡಬೇಕು, ಅದು ಬೆಚ್ಚಗಾಗಬೇಕು, ಆಮೇಲೆ ಅದು ಸುಳ್ಳು ಹೇಳುವುದಿಲ್ಲ. ಯಜಮಾನರು ಲೋಡ್ ಶೆಡ್ಡಿಂಗ್ ಕಾಲದ ಬೆಂಗಳೂರಿನಲ್ಲಿ ಬೆಳೆದವರು. ಫ್ರಿಜ್ಜಿಗೊಂದು, ಟಿವಿಗೊಂದು ಸ್ಟೆಬಿಲೈಜರ್ ಇಟ್ಟಿದ್ದ ಮನೆಯ ಮಗ. ಗೋಡೆಯಿಂದ ಬರುವ ಕರೆಂಟನ್ನು ನಂಬುವುದು ಅವರ ರಕ್ತದಲ್ಲೇ ಇಲ್ಲ.

ಅದಕ್ಕೆ ಸರಿಯಾಗಿ ಪ್ಲಗ್ಗಿಗೆ ಚುಚ್ಚಿದ ತಕ್ಕಡಿ ಶನಿವಾರ ಬೆಳಿಗ್ಗೆ ಮಾತ್ರ ಹುಚ್ಚೆದ್ದು ಕುಣಿಯುತ್ತಿತ್ತು. ತಟ್ಟೆ ಖಾಲಿ, ಅಂಕಿ ಮಾತ್ರ ಏರುತ್ತದೆ, ಇಳಿಯುತ್ತದೆ. ಇಬ್ಬರೂ ಮೂರು ಶನಿವಾರ ತನಿಖೆ ಮಾಡಿದರು. ಮೊದಲ ವಾರ ಫೋನುಗಳನ್ನು ಮನೆಯಾಚೆ ಇಟ್ಟರು. ಎರಡನೇ ವಾರ ಹೀಟರ್ ಆರಿಸಿ ನನ್ನನ್ನೂ ಮಗಳನ್ನೂ ಸ್ವೆಟರಿನಲ್ಲಿ ಕೂರಿಸಿದರು. ಮೂರನೇ ವಾರ ತಮ್ಮ ಉಸಿರು ತಟ್ಟೆಗೆ ತಾಗುತ್ತಿದೆಯೆಂದು ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಂಡರು. ಯಜಮಾನರ ಬಳಿ ಇದಕ್ಕೆಲ್ಲ ಎಕ್ಸೆಲ್ ಶೀಟ್ ಇತ್ತು.

ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ಅದೇ ಪ್ಲಗ್ಗಿನ ಕೆಳಗಿನ ತೂತಿನಲ್ಲಿ, ನನ್ನ ವೆಟ್ ಗ್ರೈಂಡರ್ ಗುಡುಗುಡು ಎನ್ನುತ್ತಿತ್ತು. ಸದ್ದು ಹೆಚ್ಚೆಂದು ಅದನ್ನು ಗ್ಯಾರೇಜಿಗೆ ಸಾಗಿಸಿದವರು ಯಜಮಾನರೇ. ಪ್ರತಿ ಶನಿವಾರ ಬೆಳಿಗ್ಗೆ ಅದರಲ್ಲಿ ದೋಸೆಹಿಟ್ಟು ತಿರುಗುತ್ತಿತ್ತು, ಮೇಜು ನಡುಗುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ಹಿಟ್ಟು ತೆಗೆಯಲು ಹೋದ ನಾನು ತಡೆಯಲಾರದೆ ಹೇಳಿದೆ.

"ಗ್ರೈಂಡರ್ ಒಂದ್ಸಲ ಆಫ್ ಮಾಡಿ ನೋಡ್ರೀ."

"ಗ್ರೈಂಡರ್‌ಗೂ ಇದಕ್ಕೂ ಏನೇ ಸಂಬಂಧ?"

ನಾನೇ ಆರಿಸಿದೆ. ಅಂಕಿ ನಿಂತಿತು. ಇಬ್ಬರು ಮೇಧಾವಿಗಳೂ ಕರವಸ್ತ್ರದೊಳಗಿಂದ ನನ್ನನ್ನು ನೋಡಿದರು. ಗ್ರೈಂಡರನ್ನು ಒಂದು ಗಂಟೆ ತಡವಾಗಿ ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯಜಮಾನರು, ಗ್ರೈಂಡರ್ ಗೋಡೆಯ ಕರೆಂಟನ್ನೇ ಕೆಡಿಸುತ್ತಿತ್ತು ನೋಡಿ ಎಂದು, ಇದನ್ನು ಬ್ಯಾಟರಿ ಪಕ್ಷದ ಜಯವೆಂದು ಘೋಷಿಸಿಬಿಟ್ಟರು. ಅಲ್ಲಿಂದ ಮುಂದೆ ತಕ್ಕಡಿ ಬ್ಯಾಟರಿಗಳನ್ನು ಕಡಲೆಕಾಯಿ ತಿಂದಂತೆ ತಿಂದಿತು.

ಈಗ ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಒಗ್ಗರಣೆ ಮೂರು ಜನರ ಕೆಲಸ. ನಾನು ಸಾಸಿವೆ, ಒಣಮೆಣಸಿನಕಾಯಿ ಹಾಕಬೇಕು, ಮಗಳು ಎರಡೂ ಕಿವಿ ಮುಚ್ಚಿಕೊಳ್ಳಬೇಕು, ಯಜಮಾನರು ಟವೆಲ್ ಹಿಡಿದು ಓಡಿಬಂದು ಚಾವಣಿಯ ಸ್ಮೋಕ್ ಅಲಾರ್ಮಿನ ಕೆಳಗೆ ಗಾಳಿ ಬೀಸಬೇಕು. ಇಲ್ಲದಿದ್ದರೆ ಅದು ಇಡೀ ಬೀದಿಗೆ ಕೇಳುವಂತೆ ಅರಚುತ್ತದೆ. ಆ ಅಲಾರ್ಮಿಗೆ ನಾನು ಹಾಕದ ಶಾಪವಿಲ್ಲ.

ಒಂದು ಶನಿವಾರ ಚಟ್ನಿಗೆ ಒಗ್ಗರಣೆ ಹಾಕುವಾಗ ಮೆಣಸಿನಕಾಯಿ ಕರಟಿ ಕಪ್ಪಾಯಿತು. ಅಡುಗೆಮನೆಯೆಲ್ಲ ಘಾಟು, ಕಣ್ಣಲ್ಲಿ ನೀರು. ಮಗಳು ಕಿವಿ ಮುಚ್ಚಿಕೊಂಡು ನಿಂತಳು. ನಿಂತೇ ಇದ್ದಳು. ಆಮೇಲೆ ನಿಧಾನವಾಗಿ ಕೈ ಇಳಿಸಿ ಮೇಲೆ ನೋಡಿದಳು.

"ಅಮ್ಮ, ವೈ ಇಸ್ ಇಟ್ ನಾಟ್ ಸ್ಕ್ರೀಮಿಂಗ್?"

ಕುರ್ಚಿ ಎಳೆದುಕೊಂಡು ಹತ್ತಿದೆ. ಅಲಾರ್ಮಿನ ಪುಟ್ಟ ಬಾಗಿಲು ತೆರೆದು ಜೋತಾಡುತ್ತಿತ್ತು, ಒಳಗೆ ಏನೂ ಇಲ್ಲ. ಬ್ಯಾಟರಿ ಎಲ್ಲಿಗೆ ಹೋಗಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ಗ್ಯಾರೇಜಿನಲ್ಲಿ ಇಬ್ಬರೂ ತಕ್ಕಡಿಯ ಮೇಲೆ ಬಗ್ಗಿದ್ದರು. ಪಕ್ಕದಲ್ಲೇ ಮದ್ದಿನ ಡಬ್ಬಿ.

"ಸ್ಮೋಕ್ ಅಲಾರ್ಮ್ ಬ್ಯಾಟರಿ ಎಲ್ರೀ?"

"ಹತ್ತೇ ನಿಮಿಷಕ್ಕೆ ಅಂತ ತಗೊಂಡೆ ಕಣೇ. ವಾಪಸ್ ಹಾಕ್ತೀನಿ."

"ಯಾವತ್ತು ತಗೊಂಡ್ರಿ?"

"ಹೋದ ಶನಿವಾರ."

ಒಂದು ವಾರ. ಅಷ್ಟೂ ದಿನ ಒಗ್ಗರಣೆಗೆ ಅದು ಅರಚದಿದ್ದುದು ಟವೆಲಿನ ಮಹಿಮೆಯೆಂದುಕೊಂಡಿದ್ದೆ. ಕೆಳಗೆ ಮದ್ದು, ಮೇಲೆ ನನ್ನ ಮಗಳ ಮಂಚ, ನಡುವೆ ಬಾಯಿ ಕಟ್ಟಿದ ಅಲಾರ್ಮ್. ಮದ್ದು ತಪ್ಪಿಲ್ಲದೆ ತೂಗಬೇಕೆಂದು ಮನೆ ಕಾಯುವುದರ ಜೀವವನ್ನೇ ಕಿತ್ತು ತಂದಿದ್ದರು. ಏಳು ರಾತ್ರಿ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದೆನಲ್ಲ. ಬೈಯಲು ಬಾಯಿ ತೆರೆದರೆ ಅಳು ಬಂತು, ಅದರಿಂದ ಇನ್ನೂ ಸಿಟ್ಟು ಬಂತು.

ಅಜ್ಜನಿಗೆ ಕನ್ನಡ ಬರದು. ಆದರೆ ನಾನು ಚಾವಣಿಯ ಕಡೆ ಬೆರಳು ತೋರಿಸಿ, ಆಮೇಲೆ ತಕ್ಕಡಿಯ ಕಡೆ ತೋರಿಸಿದ್ದೇ ಅವರಿಗೆ ಎಲ್ಲ ತಿಳಿಯಿತು. ಟೋಪಿ ತೆಗೆದರು. ಯಜಮಾನರಿಗೆ ಅವರು ಗದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಕ್ಕಡಿಯಿಂದ ಬ್ಯಾಟರಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಮದ್ದಿನ ಡಬ್ಬಿ, ತಕ್ಕಡಿ ಎರಡನ್ನೂ ಎದೆಗವಚಿಕೊಂಡು ತಮ್ಮ ಮನೆಗೆ ನಡೆದರು.

"ಇನ್ಮೇಲೆ ಅದು ಅವ್ರ ಗೋಡೆಗೇ ಅಂಟ್ಕೊಂಡಿರ್ಲಿ," ಎಂದೆ ನಾನು. ಬ್ಯಾಟರಿ ಪಕ್ಷ ತಲೆ ತಗ್ಗಿಸಿತು.

ಎರಡು ವಾರಕ್ಕೆ ಆಯುಧಪೂಜೆ. ನಮ್ಮ ಮನೆಯಲ್ಲಿ ಆವತ್ತು ಕಾರು, ಲ್ಯಾಪ್‌ಟಾಪು, ಗ್ರೈಂಡರು, ಈಳಿಗೆಮಣೆ ಎಲ್ಲಕ್ಕೂ ಕುಂಕುಮ. ಯಜಮಾನರು ಅಜ್ಜನನ್ನು ಕರೆತಂದಿದ್ದರು. ಅಜ್ಜನ ಕೈಯಲ್ಲಿ ತಕ್ಕಡಿಯಿತ್ತು, ಬ್ಯಾಟರಿಯ ಗೂಡು ಖಾಲಿಯೆಂದು ಮೊದಲೇ ತೆರೆದು ತೋರಿಸಿದರು. ತಟ್ಟೆಯ ಮೇಲೆ ಕುಂಕುಮ ಬಿದ್ದರೆ ಅದನ್ನೂ ತೂಗುತ್ತದೆ ಎಂದು ಯಜಮಾನರು ಅಡ್ಡ ಬಂದದ್ದಕ್ಕೆ ಅದರ ಬೆನ್ನಿಗೆ ಬೊಟ್ಟಿಟ್ಟೆ.

ಆಮೇಲೆ ಕುರ್ಚಿ ಹತ್ತಿದೆ. ಅಲಾರ್ಮಿಗೆ ಅರಿಶಿನ, ಕುಂಕುಮ, ಟೇಪಿನಿಂದ ಅಂಟಿಸಿದ ಒಂದು ಸೇವಂತಿಗೆ. ಕೆಳಗಿಳಿದು ಮಂಗಳಾರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅದರ ಕೆಳಗೆ ಎತ್ತಿ ಹಿಡಿದೆ. ಮೂರನೇ ಸುತ್ತಿಗೆ ಅದು ಬಾಯಿಬಿಟ್ಟು ಅರಚತೊಡಗಿತು. ಮಗಳು ಕಿವಿ ಮುಚ್ಚಿಕೊಂಡು ನಕ್ಕಳು. ಅಜ್ಜ ಗಾಬರಿಯಿಂದ ಯಜಮಾನರ ಮುಖ ನೋಡಿದರು. ಯಜಮಾನರು ಅಭ್ಯಾಸಬಲದಿಂದ ಟವೆಲ್ ಎತ್ತಿಕೊಂಡು ಎರಡು ಹೆಜ್ಜೆ ಓಡಿದವರು, ನನ್ನನ್ನು ನೋಡಿ ನಿಂತರು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಕೈ ಮುಗಿದರು.